ರೆಕಾರ್ಡರಿನಲ್ಲಿ ಅವರೆಕಾಳಿನ ಸದ್ದು

ನಮ್ಮ ಸಂಸ್ಥೆಗೆ ಈ ವರ್ಷ ಹೊಸದಾಗಿ ಒಂದಷ್ಟು ಹುಡುಗಿಯರು ಸೇರಿದ್ದಾರಂತೆ. ಅವರಿಗಾಗಿ 'ಸಂದರ್ಶನದಲ್ಲಿ ಸಹಾನುಭೂತಿ' ಎಂಬ ವಿಷಯದ ಮೇಲೆ ನಾಲ್ಕು ಮಾತು ಬರೆದುಕೊಡಿ ಎಂದು ಆಫೀಸಿನಿಂದ ಫೋನು ಬಂತು. ನನಗೆ ನಗು ತಡೆಯಲಾಗಲಿಲ್ಲ. ಕೆಲಸದಲ್ಲಿದ್ದಷ್ಟು ದಿನ ಅದೇ ಆಫೀಸು ನನ್ನಿಂದ ಬರೆಸಿಕೊಂಡದ್ದು ಬರೀ ಸಮಜಾಯಿಷಿ ಪತ್ರಗಳನ್ನು. 'ಸದರಿ ದಿನ ಸದರಿ ಮನೆಯಲ್ಲಿ ಹೀಗೇಕೆ ನಡೆದುಕೊಂಡಿರಿ' ಎಂದು ಕೇಳಿದವರೇ ಈಗ ಹೇಗೆ ನಡೆದುಕೊಳ್ಳಬೇಕು ಹೇಳಿ ಎನ್ನುತ್ತಿದ್ದಾರೆ. ಸರಿ, ಹೇಳುತ್ತೇನೆ. ತಪ್ಪುಗಳನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಅವೇ ಹೆಚ್ಚು ಇರುವುದು.

ನನ್ನ ಹೆಸರು ನಾಗವೇಣಿ. ಊರು ಕೋಲಾರದ ಪಕ್ಕದ ವಕ್ಕಲೇರಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕೋಪ ಬಂದರೆ ಎರಡೂ. ನನ್ನ ಕೆಲಸ ಏನಾಗಿತ್ತೆಂದರೆ, ಯಾರಾದರೂ ತೀರಿಕೊಂಡ ಮನೆಗೆ ಕೆಲವು ತಿಂಗಳು ಕಳೆದ ಮೇಲೆ ಹೋಗಿ, ಸಾವು ಹೇಗಾಯಿತು, ಮೊದಲು ಏನು ಕಾಣಿಸಿತು, ಎಷ್ಟು ದಿನ ಜ್ವರವಿತ್ತು, ಯಾರ ಹತ್ತಿರ ತೋರಿಸಿದಿರಿ ಎಂದು ಕೇಳಿ ಬರೆದುಕೊಳ್ಳುವುದು. ಮನೆಯಲ್ಲೇ ಸಾಯುವವರಿಗೆ ಯಾವ ಡಾಕ್ಟರ ಚೀಟಿಯೂ ಇರುವುದಿಲ್ಲ. ನಾವು ತಂದ ಬರಹವನ್ನು ಓದಿ ಸಂಸ್ಥೆಯ ಡಾಕ್ಟರು ಸಾವಿಗೆ ಕಾರಣ ಇಂಥದ್ದಿರಬೇಕು ಎಂದು ಗುರುತು ಹಾಕುತ್ತಿದ್ದರು. ಆದರೆ ಆ ಕಾರಣವನ್ನು ಮನೆಯವರಿಗೆ ಯಾರೂ ಹೇಳುವಂತಿರಲಿಲ್ಲ. ಈ ನಿಯಮವನ್ನು ಒಂದು ಕಡೆ ಇಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲೂಕು ನನ್ನ ಪಾಲಿಗೆ. ಜನ ನನಗೆ 'ಸಾವಿನ ಮೇಡಮ್ಮ' ಎಂದು ಹೆಸರಿಟ್ಟಿದ್ದರು. ರೇಷ್ಮೆ ಹುಳು ಸಾಕುವ ಮನೆಗಳಲ್ಲಂತೂ ನನ್ನ ಬ್ಯಾಗು ಕಂಡರೆ ಸಾಕು, "ಹುಳಕ್ಕೆ ಆಗಲ್ಲ, ಆಚೆನೇ ನಿಂತ್ಕೊಂಡ್ ಕೇಳಮ್ಮ" ಎಂದು ಬಾಗಿಲು ಮುಂದೆ ಮಾಡುತ್ತಿದ್ದರು. ಕಿಟಕಿಯ ಈಚೆ ನಾನು, ಆಚೆ ಅವರು. ಗಂಡ ಸತ್ತ ಕಥೆಯನ್ನು ಕಿಟಕಿಯ ಸರಳು ಹಿಡಿದುಕೊಂಡು ಕೇಳಿದ್ದೇನೆ.

ಸೇರಿದ ಹೊಸದರಲ್ಲಿ ಕೋಲಾರದಲ್ಲಿ ನಮಗೆ ಮೂರು ದಿನ ತರಬೇತಿ ಆಯಿತು. ಬೆಂಗಳೂರಿನಿಂದ ಬಂದಿದ್ದ ಹುಡುಗ ಹೇಳಿಕೊಟ್ಟ: ಸ್ವಲ್ಪ ಮುಂದಕ್ಕೆ ಬಾಗಿ ಕೂರಬೇಕು, ಎದುರಿನವರ ಕಣ್ಣಲ್ಲಿ ಕಣ್ಣಿಡಬೇಕು, ನಡುನಡುವೆ ತಲೆಯಾಡಿಸಬೇಕು, ಅವರು ಗದ್ಗದಿತರಾದರೆ "ನಿಮ್ಮ ನೋವು ನನಗೆ ಅರ್ಥವಾಗುತ್ತದೆ" ಎನ್ನಬೇಕು. ಕೊನೆಗೆ ಪೇಪರ್ ಕರವಸ್ತ್ರದ ಒಂದೊಂದು ಪೊಟ್ಟಣ ಕೊಟ್ಟ. ನಮ್ಮನಮ್ಮಲ್ಲೇ ಜೋಡಿ ಮಾಡಿ ಅಭ್ಯಾಸ ಮಾಡಿಸಿದ. ನನ್ನ ಜೋಡಿಯವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ಅರೆ ನಿಮಿಷ ತಲೆಯಾಡಿಸುವಷ್ಟರಲ್ಲಿ ಇಬ್ಬರೂ ಬಿದ್ದು ಬಿದ್ದು ನಕ್ಕು, ಕೊಠಡಿಯ ಹೊರಗೆ ನಿಲ್ಲಬೇಕಾಯಿತು.

ಆ ವಾಕ್ಯವನ್ನು ನಾನು ಮೊದಲು ಪ್ರಯೋಗಿಸಿದ್ದು ಶ್ರೀನಿವಾಸಪುರದ ಹತ್ತಿರ, ಮಾವಿನ ತೋಟವಿದ್ದ ಪಾಪಣ್ಣ ಎಂಬ ಮುದುಕರ ಮೇಲೆ. ಅವರ ಹೆಂಡತಿ ತೀರಿ ಮೂರು ತಿಂಗಳಾಗಿತ್ತು. ಮಂಚದ ಮೇಲೆ ಕೂತು ಹೇಳುತ್ತ ಹೇಳುತ್ತ ಅವರ ದನಿ ಕಟ್ಟಿತು. ನಾನು ಲೆಕ್ಕ ಹಾಕಿದಷ್ಟೇ ಬಾಗಿ, ಕಣ್ಣಲ್ಲಿ ಕಣ್ಣಿಟ್ಟು, "ನಿಮ್ಮ ನೋವು ನನಗೆ ಅರ್ಥವಾಗುತ್ತದೆ" ಎಂದೆ.

ಮುದುಕರು ಅಳು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ ಗಂಡ ಹೋಗ್ಬಿಟ್ನೇನಮ್ಮ?"

"ಇಲ್ಲ ತಾತ. ಚೆನ್ನಾಗಿದ್ದಾರೆ."

"ಮತ್ತೆ ನಿಂಗೆಂಗಮ್ಮ ಅರ್ಥ ಆಯ್ತು? ನಲವತ್ ವರ್ಸ ಅವಳ ಕೈಲಿ ಉಂಡೋನು ನಾನು. ನಂಗೇ ಇನ್ನೂ ಅರ್ಥ ಆಗ್ತಾ ಇಲ್ಲ."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಅರ್ಥ ಆಗಲಿಲ್ಲ ತಾತ, ಸುಮ್ಮನೆ ಅಂದೆ. ನೀವೇ ಹೇಳಿ" ಎಂದೆ. ಮುದುಕರು ಎರಡು ಗಂಟೆ ಹೇಳಿದರು. ಹೊರಡುವಾಗ ಒಂದು ಚೀಲ ಮಾವಿನಕಾಯಿಯನ್ನೂ ಕೊಟ್ಟರು. ಆವತ್ತಿನಿಂದ ಆ ವಾಕ್ಯವನ್ನು ನಾನು ಯಾರ ಮನೆಯಲ್ಲೂ ಹೇಳಿಲ್ಲ. ಪೇಪರ್ ಕರವಸ್ತ್ರದ ಪೊಟ್ಟಣ ಉಪ್ಪಿನಕಾಯಿ ಜಾಡಿ ಒರೆಸಲು ಬಂತು.

ಮಾಲೂರು ಕಡೆಯ ತಪ್ಪಿಗೆ ತರಬೇತಿಯ ಹುಡುಗನನ್ನು ದೂರುವಂತಿಲ್ಲ. ನಮ್ಮ ಕಡೆ ಸಾವಿನ ಮನೆಯಿಂದ ಹೊರಡುವಾಗ ಯಾರೂ 'ಬರ್ತೀನಿ' ಎನ್ನುವುದಿಲ್ಲ, ಮನೆಯವರೂ 'ಹೋಗಿಬನ್ನಿ' ಎನ್ನುವುದಿಲ್ಲ. ಸುಮ್ಮನೆ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಹಿಂದಿರುಗಿ ನೋಡದೆ ನಡೆಯಬೇಕು. ಇದು ಕೋಲಾರದಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಆದರೆ ಫಾರಂನ ಕೊನೆಯ ಸಾಲು ಅಚ್ಚಾಗಿತ್ತು: 'ಮಾಹಿತಿ ನೀಡಿದ್ದಕ್ಕೆ ಧನ್ಯವಾದಗಳು. ಅಗತ್ಯವಿದ್ದಲ್ಲಿ ಮತ್ತೆ ಬರುತ್ತೇವೆ.' ಅದನ್ನು ಬಿಟ್ಟರೆ ಫಾರಂ ಅಪೂರ್ಣ. ನಾನು ನಿಯತ್ತಾಗಿ ಕೈಮುಗಿದು ಓದಿದೆ.

ಮಗನನ್ನು ಕಳೆದುಕೊಂಡಿದ್ದ ಆ ಮನೆಯ ಅಜ್ಜಿ ಗೋಡೆಗೆ ಒರಗಿದ್ದವರು ನೆಟ್ಟಗೆ ಕೂತರು. "ಮತ್ತೆ ಬತ್ತೀಯಾ? ಇನ್ಯಾರ್ನ ತಗೊಂಡೋಗಕ್ ಬತ್ತೀಯಮ್ಮಾ ತಾಯಿ?"

ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಸ್‌ ಸ್ಟಾಪಿಗೆ ಓಡಿದೆ. ಹಿಂದೆ ಹೊಸ್ತಿಲಿಗೆ ನೀರು ಎರಚಿದ ಸದ್ದು ಕೇಳಿಸಿತು. ಆಮೇಲೆ ಎಲ್ಲ ಮನೆಗಳಲ್ಲೂ ಮಾತಿಲ್ಲದೆ ಎದ್ದು ಬರುತ್ತಿದ್ದೆ. ಮೇಲ್ವಿಚಾರಕರು ಒಮ್ಮೆ ಜೊತೆಗೆ ಬಂದು ನೋಡಿ 'ಸಂದರ್ಶನದ ಮುಕ್ತಾಯ ಅಸಭ್ಯ' ಎಂದು ಷರಾ ಬರೆದರು. ಅದಕ್ಕೂ ಒಂದು ಸಮಜಾಯಿಷಿ ಬರೆದುಕೊಟ್ಟೆ.

ಮೂರನೆಯದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆ. ಕೋಲಾರದ ಪಕ್ಕದ ಒಂದು ಹಳ್ಳಿಯಲ್ಲಿ ಒಬ್ಬ ತಂದೆ ಸತ್ತ ಮಗಳ ಬಗ್ಗೆ ಹೇಳುತ್ತ, ತಾಯಿಯಿಲ್ಲದ ಆ ಹುಡುಗಿಗೆ ಸ್ಕೂಲಿಗೆ ಹೋಗುವ ಮುಂಚೆ ತಾನೇ ಜಡೆ ಹಾಕುತ್ತಿದ್ದೆ, ಎರಡು ಜಡೆ ಒಂದೇ ಸಮ ಬರುತ್ತಿರಲಿಲ್ಲ, ಅವಳು ಬೈಯುತ್ತಿದ್ದಳು ಎಂದ. ಅವನು ಅಳಲಿಲ್ಲ. ನಾನು ಅತ್ತೆ. ಅಂತಿಂಥ ಅಳುವಲ್ಲ. ಅವನ ತಾಯಿ ಒಳಗಿನಿಂದ ಓಡಿ ಬಂದು ನನ್ನ ಬೆನ್ನು ಸವರುತ್ತ ತೆಲುಗಿನಲ್ಲಿ "ಊರ್ಕೋಮ್ಮಾ, ಊರ್ಕೋ" ಎಂದು ಸಮಾಧಾನ ಮಾಡತೊಡಗಿದರು. ಅಕ್ಕಪಕ್ಕದವರು ಸೇರಿದರು. "ಯಾರಮ್ಮ ಇವ್ರು, ಸೊಸೆ ತವರ್ ಕಡೆಯೋರಾ?" ಎಂದು ಒಬ್ಬರು, "ಈಗ್ ಸುದ್ದಿ ಗೊತ್ತಾಯ್ತೇನೋ ಪಾಪ" ಎಂದು ಇನ್ನೊಬ್ಬರು. ಯಾರೋ ಕಾಫಿ ತಂದರು. ಯಾರೋ ಬೀಸಣಿಗೆ ಬೀಸಿದರು. ಮಗಳನ್ನು ಕಳೆದುಕೊಂಡವನು ನನಗಾಗಿ ಬಸ್ಸಿನ ಹೊತ್ತು ವಿಚಾರಿಸಲು ಹೋದ. ಫಾರಂ ಅರ್ಧವೂ ತುಂಬಿರಲಿಲ್ಲ.

ಆವತ್ತು ಬಸ್ಸಿನಲ್ಲಿ ಕೂತು ನನಗೆ ನಾನೇ ಬೈದುಕೊಂಡೆ. ಅಳುವುದು ತಪ್ಪು ಎಂದಲ್ಲ, ಕಣ್ಣು ತುಂಬಿದರೆ ತುಂಬಲಿ. ಆದರೆ ನಾನು ಗೋಳೋ ಎಂದು ಅತ್ತರೆ ಅವರು ತಮ್ಮ ದುಃಖವನ್ನು ಪಕ್ಕಕ್ಕಿಟ್ಟು ನನ್ನನ್ನು ನೋಡಿಕೊಳ್ಳಬೇಕಾಗುತ್ತದೆ. ಹೋದದ್ದು ಕೇಳುವುದಕ್ಕೆ, ಉಪಚಾರ ಮಾಡಿಸಿಕೊಳ್ಳುವುದಕ್ಕಲ್ಲ.

ಇಷ್ಟು ಆದ ಮೇಲೆ ನನಗೆ ಒಂದು ದಾರಿ ಸಿಕ್ಕಿದ್ದು ನಮ್ಮೂರಿನ ಕಡೆಯ ಒಂದು ಅಡಿಗೆಮನೆಯಲ್ಲಿ. ಅವರೆಕಾಯಿಯ ಕಾಲ. ಆ ಮನೆಯಾಕೆ ನೆನೆಹಾಕಿದ ಅವರೆಕಾಳಿನ ಬೇಸನ್ನು ಮುಂದಿಟ್ಟುಕೊಂಡು ಹಿತುಕುತ್ತಿದ್ದರು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಬೇರೆ ಕಡೆಯಿಂದ ಬಂದ ಹುಡುಗಿಯರಿಗಾಗಿ ಹೇಳುತ್ತೇನೆ: ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆಯಿಂದ ಬೇಳೆ 'ಪುಚಕ್' ಎಂದು ಹಾರಿ ಬೀಳುತ್ತದೆ. ಹಿತಕಿದ ಬೇಳೆ ಸಾರಿನ ರುಚಿ ಎಷ್ಟೋ, ಅದರ ಹಿಂದಿನ ಕೆಲಸವೂ ಅಷ್ಟೇ. "ಕೂತ್ಕೊಂಡ್ ಮಾತಾಡಕ್ ಪುರುಸೊತ್ತಿಲ್ಲ. ಕೈ ಹಾಕಂಗಿದ್ರೆ ಬಾ" ಎಂದರು ಆಕೆ. ಬಿಸಿಲಲ್ಲಿ ನಾಲ್ಕು ಮೈಲಿ ನಡೆದು ಬಂದವಳು, ಬರಿಗೈಲಿ ಹಿಂದಿರುಗುವ ಬದಲು ಕೂತೆ. ಆಗ ತಾನೇ ನಮಗೆ ಕೊಟ್ಟಿದ್ದ ರೆಕಾರ್ಡರನ್ನು ಆಕೆಗೆ ತೋರಿಸಿ, ಒಪ್ಪಿಗೆ ಕೇಳಿ, ಪಕ್ಕಕ್ಕಿಟ್ಟೆ.

ಆಕೆಯ ಬಾಯಿಂದ ಮಾತು ತಾನಾಗಿ ಬಂತು. ಇಬ್ಬರ ಕಣ್ಣೂ ಬೇಸನ್ನಿನ ಮೇಲೆ. ನಾನು ಆಕೆಯ ಮುಖ ನೋಡುತ್ತಿಲ್ಲ, ಆಕೆ ನನ್ನ ಪೆನ್ನು ನೋಡುತ್ತಿಲ್ಲ. ಮಾತು ನಿಂತರೆ ಮುಜುಗರವಿಲ್ಲ, ಕೈ ನಡೆಯುತ್ತಿರುತ್ತದೆ. ಅಳು ಬಂದರೆ ತಲೆ ಇನ್ನಷ್ಟು ತಗ್ಗಿಸಿ ನಾಲ್ಕು ಕಾಳು ಹೆಚ್ಚು ಹಿತುಕಿದರಾಯಿತು. ಬೇಸನ್ನು ಖಾಲಿಯಾಗುವ ಹೊತ್ತಿಗೆ ಫಾರಂನಲ್ಲಿ ಕೇಳಿದ್ದೂ ಕೇಳದ್ದೂ ಎಲ್ಲ ಹೇಳಿ ಮುಗಿಸಿದ್ದರು. ಅವರೆಯ ಕಾಲ ಮುಗಿದರೆ ಹುಣಸೆಹಣ್ಣಿನ ಬೀಜ ತೆಗೆಯುವುದು, ರಾಗಿಯಲ್ಲಿ ಕಲ್ಲು ಆರಿಸುವುದು. ಈ ಸೀಮೆಯಲ್ಲಿ ಕೈಗೆ ಕೆಲಸವಿಲ್ಲದ ಮನೆಯನ್ನು ನಾನು ಕಂಡಿಲ್ಲ. ನನ್ನ ಉಗುರು ವರ್ಷಪೂರ್ತಿ ಒಂದಲ್ಲ ಒಂದು ಬಣ್ಣದಲ್ಲಿರುತ್ತಿತ್ತು.

ಈಗ ರತ್ನಳ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಹೇಳಿದ್ದೆಲ್ಲ ಇಲ್ಲಿಗೆ ಬರುವುದಕ್ಕೇ.

ರತ್ನ ಮುಳಬಾಗಿಲು ತಾಲೂಕಿನ ದೇವರಾಯಸಮುದ್ರದ ಸೊಸೆ. ಆಷಾಢದಲ್ಲಿ ಅವಳ ಮೂರು ತಿಂಗಳ ಗಂಡುಮಗು ತೀರಿಕೊಂಡಿತ್ತು. ನಾನು ಹೋದದ್ದು ಅವರೆಯ ಕಾಲದಲ್ಲಿ. ಮೊದಲ ಸಲ ಹೋದಾಗ ಅವಳ ಅತ್ತೆ ಮುನಿವೆಂಕಟಮ್ಮ ನಡುಮನೆಯಲ್ಲಿ ಕೂತು ಪ್ರತಿ ಪ್ರಶ್ನೆಗೂ ತಾವೇ ಉತ್ತರ ಕೊಟ್ಟರು. "ಶೀತ ಆಗಿತ್ತು. ಕೆಮ್ಮಿತ್ತು. ಹೋಯ್ತು. ಬರ್ಕೊಳಮ್ಮ." ರತ್ನ ಕಂಬಕ್ಕೆ ಒರಗಿ ನಿಂತೇ ಇದ್ದಳು. ಎರಡನೆಯ ಸಲ ನಾನು ಬೇಕೆಂದೇ ಸಂಜೆ ಹಾಲಿನ ಹೊತ್ತಿಗೆ ಹೋದೆ. ಮುನಿವೆಂಕಟಮ್ಮ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದರು. ರತ್ನಳ ಮುಂದೆ ಬೇಸನ್ನಿತ್ತು. ಒಪ್ಪಿಗೆ ಕೇಳಿ, ರೆಕಾರ್ಡರ್ ಇಟ್ಟು, ಕೂತೆ.

ಅರ್ಧ ಬೇಸನ್ನು ಆಗುವವರೆಗೂ ಮಾತಿಲ್ಲ. ಆಮೇಲೆ ಅವಳೇ, "ಮೇಡಂ, ಅದನ್ನ ಆಫ್ ಮಾಡಿ" ಎಂದಳು. ಆಫ್ ಮಾಡಿದೆ.

"ಎರಡ್ ದಿನ ನಿದ್ದೆ ಇರ್ಲಿಲ್ಲ ಮೇಡಂ. ಕೆಮ್ತಾನೇ ಇತ್ತು. ಬೆಳಿಗ್ಗೆ ಡೈರಿಗೆ ಹಾಲು ಹಾಕ್ಬಿಟ್ಟು ಬಂದೆ. ಮಗ್ಗುಲಾಗಿ ಮಲ್ಕೊಂಡು ಬಾಯಿಗೆ ಮೊಲೆ ಕೊಟ್ಟೆ. ಹಂಗೇ ಜೊಂಪು ಹತ್ತಿಬಿಡ್ತು. ಕಣ್ ಬಿಟ್ಟು ನೋಡಿದ್ರೆ ತಣ್ಣಗಾಗೋಗಿತ್ತು." ಒಂದು ಕಾಳು ಹಿತುಕಿದಳು. "ಹಾಲು ಗಂಟ್ಲಿಗೆ ಸಿಕ್ಕೊಂಡೋಯ್ತು. ನಾನ್ ಎದ್ದಿದ್ರೆ ಬದುಕೋದು. ನಾನೇ ಸಾಯಿಸ್ದೆ. ಅತ್ತೆಗೆ ಎದ್ದಿದ್ದೆ ಅಂತ ಸುಳ್ಳು ಹೇಳಿದ್ದೀನಿ."

ನಾನು ಸುಮ್ಮನೆ ಹಿತುಕಿದೆ.

"ಇವಾಗ ಮತ್ತೆ ಮೂರು ತಿಂಗ್ಳು" ಎಂದಳು. "ಇದು ಹುಟ್ಟಿದ್ ಮೇಲೆ ನಾನು ನಿದ್ದೆ ಮಾಡಲ್ಲ ಮೇಡಂ. ಇವಾಗ್ಲಿಂದ್ಲೇ ಅಭ್ಯಾಸ ಮಾಡ್ಕೊಂತಾ ಇದ್ದೀನಿ. ನೆನ್ನೆ ರಾತ್ರಿಯೆಲ್ಲ ಎದ್ದೇ ಇದ್ದೆ."

ಆಗ ತಲೆಯೆತ್ತಿ ನೋಡಿದೆ. ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಬಸುರಿ ಹೆಂಗಸು, ನಿದ್ದೆ ಬಿಡುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ.

"ನೀವ್ ಬರ್ಕೊಂಡೋಗಿದ್ದನ್ನ ಡಾಕ್ಟ್ರು ಓದ್ತಾರಂತಲ್ಲ. ಏನಂತಾರೋ ಬಂದು ಹೇಳ್ತೀರಾ?"

ನಿಯಮದ ಪ್ರಕಾರ ನಾನು ಹೇಳಬೇಕಾಗಿದ್ದ ಉತ್ತರ, ಅದಕ್ಕೆ ಅವಕಾಶವಿಲ್ಲ ಎಂದು. "ಕೇಳಿ ಹೇಳ್ತೀನಿ ಕಣಮ್ಮ" ಎಂದುಬಿಟ್ಟೆ. ಮಾತು ಕೊಟ್ಟ ಮೇಲೆ ನಡೆಸಿಕೊಡಲೇಬೇಕು. ಅವಳು ಒಪ್ಪಿದ ಮೇಲೆ ಕೆಮ್ಮು, ಉಸಿರು, ಮೊಲೆ ಕೊಟ್ಟದ್ದು, ನಿದ್ದೆ ಹತ್ತಿದ್ದು ಎಲ್ಲವನ್ನೂ ಫಾರಂಗೆ ಬರೆದುಕೊಂಡೆ.

ನಿಯಮ ಮಾಡಿದವರು ಡಾಕ್ಟರ್ ಸುದರ್ಶನ್. ನಮ್ಮೆಲ್ಲರಿಗೂ ಮೇಲಿನವರು. ಕರಾವಳಿಯ ಕಡೆಯವರು, ಅಚ್ಚುಕಟ್ಟಾದ ಪುಸ್ತಕದ ಕನ್ನಡ. ಬೈಯುವಾಗಲೂ 'ದಯವಿಟ್ಟು' ಎನ್ನುತ್ತಿದ್ದರು. ಆ ನಿಯಮಕ್ಕೆ ಕಾರಣವೂ ಇತ್ತು, ಅನ್ಯಾಯವಾಗಿ ಹೇಳಬಾರದು. ಕಣ್ಣಾರೆ ಕಾಣದ ರೋಗಿಯ ಬಗ್ಗೆ ಹೀಗೇ ಎಂದು ಹೇಳಲಾಗದು, ಹೇಳಿದರೆ ಮನೆಯಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ಗೂಬೆ ಕೂರಿಸುತ್ತಾರೆ ಎನ್ನುವುದು ಅವರ ವಾದ. ನಾನು ಹೋಗಿ, ಒಂದು ಸಲಕ್ಕೆ ಬಿಡಿ ಸಾರ್ ಎಂದು ಕೇಳಿದರೆ ಬಿಡುವವರಲ್ಲ. ಒಂದು ಸಲ ಬಿಟ್ಟರೆ ನಿಯಮ ಎಲ್ಲಿ ಉಳಿಯುತ್ತದೆ ಎನ್ನುತ್ತಾರೆ. ವಾರವೆಲ್ಲ ಯೋಚಿಸಿದರೂ ದಾರಿ ಹೊಳೆಯಲಿಲ್ಲ.

ಅಷ್ಟರಲ್ಲಿ ಅವರೇ ನನ್ನನ್ನು ಕರೆಸಿದರು. ರೆಕಾರ್ಡಿಂಗ್ ಕೇಳಿ ಟೈಪ್ ಮಾಡುತ್ತಿದ್ದ ಶೈಲಜಾ ಎಂಬ ಹುಡುಗಿ ಬಲು ಪ್ರಾಮಾಣಿಕಳು, ಕೇಳಿದ್ದನ್ನು ಒಂದೂ ಬಿಡದೆ ಟೈಪ್ ಮಾಡಿದ್ದಳು. ಡಾಕ್ಟರ ಮೇಜಿನ ಮೇಲೆ ಆ ಹಾಳೆಗಳಿದ್ದವು. 'ಆಮೇಲೆ ಜ್ವರ ಬಂತು ಪುಚಕ್ ಮೂರು ದಿನ ಪುಚಕ್ ಪುಚಕ್ ಆಸ್ಪತ್ರೆಗೆ ಪುಚಕ್.' ಪುಟಗಟ್ಟಲೆ.

"ನಾಗವೇಣಿಯವರೇ, ದಯವಿಟ್ಟು ಹೇಳಿ. ಇದೇನು ಶಬ್ದ? ಹಲ್ಲಿಯೇ?"

"ಅವರೆಕಾಳು ಸಾರ್."

"ಸಂದರ್ಶನದ ಹೊತ್ತಿನಲ್ಲಿ ಅನ್ಯ ಚಟುವಟಿಕೆ ಕೂಡದು ಎಂದು ಕೈಪಿಡಿಯಲ್ಲಿ ಇದೆಯಲ್ಲ?"

ಇನ್ನೊಂದು ಸಮಜಾಯಿಷಿ ಬರೆಯಬೇಕಾಯಿತು ಎಂದುಕೊಂಡು ಬಾಯಿ ತೆರೆದವಳಿಗೆ ಥಟ್ಟನೆ ಹೊಳೆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ಬರೆದುಕೊಟ್ಟರೆ ಅರ್ಥವಾಗುವುದಿಲ್ಲ ಸಾರ್" ಎಂದೆ. "ತಾವೇ ಒಂದು ಸಲ ಕೂತು ನೋಡಿ. ಆಮೇಲೆ ಕೂಡದು ಎಂದರೆ ಇನ್ನು ಕಾಳು ಮುಟ್ಟುವುದಿಲ್ಲ." ನಿಯಮದ ಮನುಷ್ಯ, ಪರೀಕ್ಷೆ ಎಂದರೆ ಒಪ್ಪಿದರು. ನಾನು ಹೊರಗೆ ಬಂದು ರತ್ನಳಿಗೆ ಫೋನು ಮಾಡಿದೆ. "ನಾಡಿದ್ದಿಗೆ ಒಂದು ಬೇಸನ್ ಕಾಳು ನೆನೆಹಾಕಮ್ಮ. ಡಾಕ್ಟ್ರು ಬರ್ತಾರೆ. ನಂಗೆ ಹೇಳೋ ಹಾಗಿಲ್ಲ, ನೀನೇ ಕೇಳ್ಕೋ. ಕೇಳೋದೂ ಬಿಡೋದೂ ನಿನ್ನಿಷ್ಟ."

ದಾರಿಯಲ್ಲಿ ಡಾಕ್ಟರಿಗೆ ಒಂದೇ ಪಾಠ ಮಾಡಿದೆ. "ಹೊರಡುವಾಗ ಬರ್ತೇನೆ ಅನ್ನಬೇಡಿ ಸಾರ್. ಸುಮ್ಮನೆ ಎದ್ದು ಬಂದುಬಿಡಿ." ಅವರು ಅದನ್ನು ಡೈರಿಯಲ್ಲಿ ಬರೆದುಕೊಂಡರು.

ದೇವರಾಯಸಮುದ್ರದ ಆ ನಡುಮನೆಯಲ್ಲಿ ಡಾಕ್ಟರು ಇಸ್ತ್ರಿ ಪ್ಯಾಂಟಿನಲ್ಲಿ ಚಾಪೆಯ ಮೇಲೆ ಕೂರಲು ಪಟ್ಟ ಪಾಡು ನೋಡಬೇಕಿತ್ತು. ಮೊದಲ ಕಾಳು ಅವರ ಕೈಯಿಂದ ಹಾರಿ ಮುನಿವೆಂಕಟಮ್ಮನ ಸೆರಗಿಗೆ ಬಿತ್ತು. ಎರಡನೆಯದು ಅವರ ಕನ್ನಡಕಕ್ಕೇ ಬಿತ್ತು. "ಮೆತ್ತಗೆ ಒತ್ತಿ ಸಾರ್, ಅದೇನ್ ಸೊಳ್ಳೆನಾ" ಎಂದರು ಮುನಿವೆಂಕಟಮ್ಮ. ರತ್ನಳ ತುಟಿ ಒಂದಿಷ್ಟು ಅಲುಗಿತು. ನಾಲ್ಕು ಜನ ಒಂದು ಬೇಸನ್ನಿನ ಸುತ್ತ. ಡಾಕ್ಟರು ಕ್ರಮೇಣ ಹದಕ್ಕೆ ಬಂದು, ತಲೆ ತಗ್ಗಿಸಿ, ಮನಸ್ಸಿಟ್ಟು ಹಿತುಕತೊಡಗಿದರು.

ಆಗ ರತ್ನ ಬೇಸನ್ನಿನಿಂದ ಕಣ್ಣೆತ್ತದೆ, ಅತ್ತೆಯ ಎದುರಿಗೇ ಕೇಳಿದಳು. "ಸಾರ್, ಅವತ್ತು ಮಗೂಗೆ ಮೊಲೆ ಕೊಡ್ತಾ ನಾನು ನಿದ್ದೆ ಹೋಗ್ಬಿಟ್ಟಿದ್ದೆ. ಹಾಲು ಸಿಕ್ಕೊಂಡು ಹೋಯ್ತು. ನಾನೇ ಅಲ್ವಾ ಸಾರ್ ಸಾಯಿಸಿದ್ದು?"

ಮುನಿವೆಂಕಟಮ್ಮನ ಕೈ ನಿಂತಿತು. ಡಾಕ್ಟರು ನನ್ನತ್ತ ನೋಡಿದರು. ಸದ್ದು ಕೇಳಿಸುವುದಕ್ಕಾಗಿ ಇವಳು ಕರೆತಂದಿಲ್ಲ ಎಂದು ಅವರಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು. ನಾನು ಬಲು ಗಮನವಿಟ್ಟು ಒಂದು ಕಾಳನ್ನು ಪರೀಕ್ಷೆ ಮಾಡುತ್ತಿದ್ದೆ. ಇವರು 'ಅವಕಾಶವಿಲ್ಲ' ಎಂದು ಎದ್ದುಬಿಟ್ಟರೆ ಈ ಹುಡುಗಿಯ ಗತಿಯೇನು ಎಂದು ಒಳಗೊಳಗೇ ಹೆದರಿದ್ದೆ.

ಡಾಕ್ಟರು ಏಳಲಿಲ್ಲ. ಇನ್ನೊಂದು ಕಾಳು ತೆಗೆದುಕೊಂಡರು. "ಉಸಿರು ಹೇಗಿತ್ತಮ್ಮ?" ಎಂದು ಕೇಳಿದರು.

"ಜೋರಾಗಿತ್ತು ಸಾರ್. ಓಡ್ ಬಂದೋರಂಗೆ."

"ಪಕ್ಕೆ ಒಳಕ್ಕೆ ಎಳೆಯುತ್ತಿತ್ತೇ?"

"ಎಗರ್ತಾ ಇತ್ತು ಸಾರ್. ಹಿಂದಿನ ದಿನದಿಂದ."

"ಆ ದಿನ ಬೆಳಿಗ್ಗೆ ಎಷ್ಟು ಹಾಲು ಕುಡಿಯಿತು?"

ರತ್ನ ಯೋಚಿಸಿದಳು. "ಕುಡೀಲೇ ಇಲ್ಲ ಸಾರ್. ಎಳೆಯಾಕೇ ಶಕ್ತಿ ಇರ್ಲಿಲ್ಲ. ಬಾಯಿಗಿಟ್ರೂ ಬಿಟ್ಬಿಡೋದು. ಅದಕ್ಕೇ ಪಕ್ಕದಲ್ ಹಾಕ್ಕೊಂಡು ಸುಮ್ನೆ ಇಟ್ಕೊಂಡಿದ್ದೆ."

"ಕುಡಿಯದ ಹಾಲು ಗಂಟಲಿಗೆ ಹೇಗಮ್ಮ ಸಿಕ್ಕಿಕೊಳ್ಳುತ್ತದೆ?"

ರತ್ನ ತಲೆಯೆತ್ತಿದಳು.

"ಮಗುವಿಗೆ ಶ್ವಾಸಕೋಶದಲ್ಲಿ ಸೋಂಕಾಗಿತ್ತು. ನಾನು ಕಣ್ಣಿನಿಂದ ನೋಡಿಲ್ಲ, ಆದರೆ ನೀವು ಹೇಳುವುದೆಲ್ಲ ಅದನ್ನೇ ಹೇಳುತ್ತದೆ. ನೀವು ಎದ್ದಿದ್ದರೂ ಆ ಗಳಿಗೆಯಲ್ಲಿ ಮಾಡುವಂಥದ್ದು ಏನೂ ಇರಲಿಲ್ಲ. ನಿಮ್ಮ ನಿದ್ದೆ ಕೊಂದದ್ದಲ್ಲ."

ಅವಳು ಅಳುತ್ತಾಳೆ ಎಂದುಕೊಂಡೆ. ಅತ್ತವರು ಮುನಿವೆಂಕಟಮ್ಮ. "ಆಸ್ಪತ್ರೆಗೆ ಹೋಗಾನ ಅಂತ ಹಿಂದಿನ್ ದಿನ ಇವಳು ಹೇಳಿದ್ಳು ಸಾರ್. ಸಂತೆ ದಿನ, ಬಸ್ಸಲ್ ನಿಲ್ಲಾಕ್ ಜಾಗ ಇರಲ್ಲ, ನಾಳೆ ಹೋಗಾನ ಅಂದೆ. ನಾನ್ ಅಂದೆ ಸಾರ್." ಅಷ್ಟು ದಿನ ಅವರು ಎಲ್ಲ ಉತ್ತರವನ್ನೂ ತಾವೇ ಕೊಟ್ಟು ಮುಗಿಸುತ್ತಿದ್ದದ್ದು ಈ ಒಂದು ಪ್ರಶ್ನೆ ಬಾರದಿರಲಿ ಎಂದು. ಡಾಕ್ಟರು ಹೆದರುತ್ತಿದ್ದದ್ದೂ ಇದಕ್ಕೇ. ಒಬ್ಬರ ತಲೆಯಿಂದ ಇಳಿಸಿದ ಹೊರೆ ಇನ್ನೊಬ್ಬರ ತಲೆಗೆ ಏರುತ್ತಿತ್ತು. ನಾನು ಇದನ್ನು ಯೋಚಿಸಿಯೇ ಇರಲಿಲ್ಲ.

ಡಾಕ್ಟರು ಕೈಯಲ್ಲಿದ್ದ ಕಾಳನ್ನು ಬೇಸನ್ನಿಗೆ ಹಾಕಿದರು. ಆಮೇಲೆ, "ಮೊದಲ ದಿನ ನೋಡಿದರೆ ಅದು ಶೀತವೋ ಇದೋ ಎಂದು ನಮಗೂ ಎಷ್ಟೋ ಸಲ ತಿಳಿಯುವುದಿಲ್ಲ ಅಮ್ಮ" ಎಂದರು. "ಶೀತ ಎಂದು ನಾನೇ ಮನೆಗೆ ಕಳುಹಿಸಿದ ಮಗು ಹೋಗಿದೆ. ಅದರ ತಾಯಿಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಹೋಗಲೇ ಇಲ್ಲ."

ಮುನಿವೆಂಕಟಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಅವರನ್ನೇ ನೋಡಿದರು. ಸ್ವಲ್ಪ ಹೊತ್ತಿಗೆ ಬೇಸನ್ನನ್ನು ಡಾಕ್ಟರ ಹತ್ತಿರಕ್ಕೆ ತಳ್ಳಿದರು. ಅದಕ್ಕಿಂತ ಹೆಚ್ಚಿನ ಸಮಾಧಾನವನ್ನು ನಾನು ಯಾವ ತರಬೇತಿಯಲ್ಲೂ ಕಂಡಿಲ್ಲ.

ಆಮೇಲೆ ಡಾಕ್ಟರು ಬರಲಿರುವ ಮಗುವಿನ ಮಾತು ತೆಗೆದರು. ಹಾಲು ಕೊಟ್ಟ ಮೇಲೆ ಹೆಗಲಿಗೆ ಹಾಕಿ ತೇಗಿಸಿ, ಅಂಗಾತ ಮಲಗಿಸಿ, ನೀವೂ ಮಲಗಿ. ಪಕ್ಕೆ ಎಗರಿದ್ದು ಕಂಡರೆ ಸಂತೆಯಿರಲಿ ಹಬ್ಬವಿರಲಿ, ಆ ಕ್ಷಣ ಹೊರಡಿ. ಅತ್ತೆ, ಸೊಸೆ ಇಬ್ಬರೂ ತಲೆಯಾಡಿಸಿದರು. "ನಿದ್ದೆ ಮಾಡ್ಬೋದಾ ಸಾರ್?" ಎಂದು ರತ್ನ ಇನ್ನೊಮ್ಮೆ ಕೇಳಿದಳು. "ಇವತ್ತಿನಿಂದಲೇ ಮಾಡಿ. ದಯವಿಟ್ಟು" ಎಂದರು ಅವರು.

"ಸಾರ್, ನೀವ್ ಹಿತುಕಿದ್ರಲ್ಲಿ ಅರ್ಧ ಸಿಪ್ಪೆ ಐತೆ" ಎಂದಳು ರತ್ನ. ಆ ಮನೆಯಲ್ಲಿ ನಾನು ಕೇಳಿದ ಮೊದಲ ತಮಾಷೆ ಅದು.

ಆಫೀಸಿಗೆ ಬಂದ ಮೇಲೆ ಡಾಕ್ಟರು ನನ್ನ ಕಡತದಲ್ಲಿ ಬರೆದ ಷರಾ ಈಗಲೂ ಅಲ್ಲಿ ಇರಬೇಕು: 'ಹಿನ್ನೆಲೆ ಶಬ್ದ ಅವರೆಕಾಳಿನದು. ಪರಿಶೀಲಿಸಲಾಗಿದೆ. ಆಕ್ಷೇಪಣೆ ಇಲ್ಲ.' ಆಮೇಲೆ ನಿಯಮವೂ ಸ್ವಲ್ಪ ಬದಲಾಯಿತು. ಮನೆಯವರು ತಾವಾಗಿ ಕೇಳಿದರೆ ಡಾಕ್ಟರೇ ಹೋಗಿ ಹೇಳಬೇಕು ಎಂದಾಯಿತು. ಹುಡುಗಿಯರೇ, ನಿಮ್ಮ ಕೈಪಿಡಿಯಲ್ಲಿ ಆ ಸಾಲು ಇದ್ದರೆ ಅದು ಎಲ್ಲಿಂದ ಬಂತೆಂದು ಈಗ ತಿಳಿಯಿತಲ್ಲ.

ಆದರೆ ಆವತ್ತು ಆ ಮನೆಯಿಂದ ಹೊರಟದ್ದನ್ನು ಹೇಳದೆ ಮುಗಿಸಲಾರೆ. ಡಾಕ್ಟರು ನಾನು ಹೇಳಿಕೊಟ್ಟಂತೆ ಮಾತಿಲ್ಲದೆ ಎದ್ದರು, ಕೈಮುಗಿಯಲಿಲ್ಲ, ತಿರುಗಿ ನೋಡಲಿಲ್ಲ, ನೆಟ್ಟಗೆ ಅಂಗಳಕ್ಕೆ ಇಳಿದರು. ನಾನು ಹಿಂದೆ. ಬಾಗಿಲಿನಿಂದ ರತ್ನಳ ದನಿ ಕೇಳಿಸಿತು.

"ಏನ್ ಸಾರ್, ಹೇಳ್ದಂಗೇ ಹೊರಟ್ಬಿಟ್ರಿ? ಹೋಗಿಬನ್ನಿ. ಮಾವಿನಹಣ್ಣಿನ ಕಾಲಕ್ಕೆ ಬನ್ನಿ, ಮಗು ನೋಡಾಕೆ."

ಡಾಕ್ಟರು ಚಪ್ಪಲಿಯಲ್ಲಿ ಅರ್ಧ ಕಾಲು ಇಟ್ಟುಕೊಂಡು ನಿಂತರು. ಡೈರಿಯಲ್ಲಿ ಬರೆದುಕೊಂಡ ಪಾಠವನ್ನು ಮೀರಬಹುದೋ ಬಾರದೋ ಎಂದು ನನ್ನ ಮುಖ ನೋಡಿದರು.

"ಹೇಳಿ ಸಾರ್" ಎಂದೆ.

"ಬರ್ತೇನಮ್ಮ" ಎಂದರು ಅವರು.